ನೆಗ್ಗಿದ ಪೀಪಾಯಿ

ಜಾಲಿ ಮೊಹಲ್ಲಾದ ಗುಜರಿಯಲ್ಲಿ ಅದು ಸಿಕ್ಕಾಗ
ಮಧ್ಯಾಹ್ನ ಮೂರು ದಾಟಿತ್ತು.
ಆಸ್ಪತ್ರೆ ಮಂಚದ ಕಾಲು, ಕೆಟ್ಟ ಗೀಸರು,
ಯಾವುದೋ ಛತ್ರದ ಕೊಪ್ಪರಿಗೆಗಳ ನಡುವೆ
ಮಗ್ಗುಲಾಗಿ ಬಿದ್ದಿತ್ತು, ಐವತ್ತು ಲೀಟರಿನದು,
ಕಂಠದಲ್ಲಿ ನಿನ್ನೆಯ ಮಳೆನೀರು.

ಇನಾಯತ್ ಸಾಹೇಬರು ದಾರ ಕಟ್ಟಿದ ಅಯಸ್ಕಾಂತ ಇಳಿಬಿಟ್ಟರು.
ಅಂಟಲಿಲ್ಲ. ಅಸಲಿ ಸ್ಟೀಲು, ಅಂದರು.
ಅಂಟಿಕೊಂಡವನು ನಾನು.
ಹೊಟ್ಟೆಯ ಕೆಳಗೆ, ಬಲಕ್ಕೆ,
ಅಂಗೈ ಕೂರುವಷ್ಟು ನೆಗ್ಗು.
ಅದು ನನ್ನದು.

ರೆಸಿಡೆನ್ಸಿ ರೋಡಿನ ಆ ಪಬ್ಬಿನ ನೆಲಮಾಳಿಗೆಗೆ ಹದಿನೇಳು ಮೆಟ್ಟಿಲು.
ಹತ್ತೊಂಬತ್ತು ವರ್ಷ
ತುಂಬಿದ್ದನ್ನು ಇಳಿಸಿದೆ, ಬರಿದಾದದ್ದನ್ನು ಹತ್ತಿಸಿದೆ.
ಒಂದು ಡಿಸೆಂಬರ್ ಮೂವತ್ತೊಂದರ ರಾತ್ರಿ
ಹನ್ನೊಂದನೇ ಮೆಟ್ಟಿಲಿಂದ ಇದು ತಾನೇ ಇಳಿದುಹೋಯಿತು.
ಸಂಬಳದಲ್ಲಿ ಆರುನೂರು ಹಿಡಿದರು,
ತಿಂಗಳಿಗೆ ಇನ್ನೂರರ ಹಾಗೆ.
ವೆಂಕಟ ಅಂದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ,
ಪೀಪಾಯಿ ಅಂದರೆ ಸಾಕು.
ಗೆಣ್ಣಿಂದ ಕುಟ್ಟಿ ಹೇಳುತ್ತಿದ್ದೆ:
ಅರೆ. ಕಾಲು. ಇನ್ನು ಎಂಟೇ ಮಗ್ಗು.
ಪೈಪು ತೊಳೆದೆ, ನಲ್ಲಿ ಉಜ್ಜಿದೆ, ನೊರೆ ಬಳಿದೆ.
ಕುಡಿದವನಲ್ಲ. ಹಾಗೆಂದರೆ ನಂಬುವವರು ಕಮ್ಮಿ.

ಪಬ್ಬು ಈಗ ಕನ್ನಡಕದ ಅಂಗಡಿ.
ನಾನು ಕೇಳದಿದ್ದರೂ ಸಾಹೇಬರು ಹರಾಜಿನ ರಸೀದಿ ತೋರಿಸಿದರು.
ತಕ್ಕಡಿಗೆ ಏರಿತು: ಹನ್ನೆರಡೂವರೆ ಕಿಲೋ.
ನೆಗ್ಗಿದೆಯಲ್ಲ, ಏನಾದರೂ ಬಿಡಿ ಅಂದೆ.
ನೆಗ್ಗಿದರೆ ತೂಕ ಇಳಿಯುತ್ತಾ ಭಾಯ್?

ಕಾಮಾಕ್ಷಿಪಾಳ್ಯದ ಆರ್ಮುಗಂ ಆಗಲೇ ಗ್ರೈಂಡರು ಎತ್ತಿಕೊಂಡಿದ್ದ.
ತಾಳು, ಅಂದೆ.
ಇದು ಖಾಲಿ ಅಂದರೆ ಖಾಲಿಯಲ್ಲ.
ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೂ
ಒಳಗೊಂದು ಉಸಿರು ಹಲ್ಲು ಕಚ್ಚಿ ಕೂತಿರುತ್ತದೆ.
ಹಾಗೇ ಬಿಚ್ಚಹೋದ ಹುಡುಗನೊಬ್ಬ
ಈಗಲೂ ಕೈ ಅಡ್ಡ ಹಿಡಿದು ನಗುತ್ತಾನೆ.
ಮುಖ ಆಚೆ ತಿರುಗಿಸಿ
ಬಾಯಿಯ ಗುಂಡನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆ.
ಸ್ಸ್ಸ್ಸ್ಸ್
ಹಳಸಿದ ಬ್ರೆಡ್ಡಿನ ವಾಸನೆ, ಒದ್ದೆ ಗೋಣಿಯ ವಾಸನೆ.
ಎಷ್ಟೋ ಶನಿವಾರದ ರಾತ್ರಿಗಳು
ಆ ಶೆಡ್ಡಿನಲ್ಲಿ ಒಂದು ನಿಮಿಷ ನಿಂತು
ಬಾಗಿಲು ಹುಡುಕಿಕೊಂಡು ಹೋದವು.

ಆಮೇಲೆ ಕಿಡಿ. ಕಿವಿ ಕೀಳುವ ಸದ್ದು.
ನೆತ್ತಿ ಬಿಲ್ಲೆಯಾಗಿ ಬಂತು, ಅದೇ ಮುಚ್ಚಳ;
ಅಂಚಿಗೆ ಹಳೇ ಕುಕ್ಕರಿನ ರಬ್ಬರು ಸಾಲದೆ ಎರಡು ಸೇರಿಸಿದೆವು.
ನಡುವಿನ ಉದ್ದ ಕೊಳವೆಯನ್ನು ಬಗ್ಗಿಸಿ
ತಳದ ನಲ್ಲಿಗೆ ಬೆಸೆದ.
ಸ್ಪ್ರಿಂಗು ಅವನ ಮೊಮ್ಮಗಳ ಪಾಲಾಯಿತು.
ನೆಗ್ಗು ತೆಗೀಲಾ? ಒಳಗಿಂದ ಎರಡೇ ಏಟು.
ಬೇಡಪ್ಪ,
ದುಡ್ಡು ಕೊಟ್ಟಿದ್ದೇನೆ ಅದಕ್ಕೆ.

ಲಗ್ಗೆರೆಯ ಮನೆಯಲ್ಲಿ ಅತ್ತೆ ಪಿಳ್ಳಮ್ಮ
ನಾಲ್ಕು ಸೇರು ರಾಗಿ ನೆನೆಸಿ, ಬಿಳಿ ಪಂಚೆಯಲ್ಲಿ ಕಟ್ಟಿ,
ಮೊಳಕೆ ಬಿಡಿಸಿ, ನೆರಳಲ್ಲಿ ಒಣಗಿಸಿ ಕೊಟ್ಟರು.
ಇಷ್ಟೊಂದು ಸರಿಹಿಟ್ಟು ಯಾತಕ್ಕೆ,
ಯಾರಿಗೆ ಅವಳಿ ಮಕ್ಕಳು?
ನಾನು ಬಾಯಿ ಬಿಡಲಿಲ್ಲ.
ರಾಗಿ ಅರ್ಧ, ಬಾರ್ಲಿ ಅರ್ಧ,
ಹಾಪ್ಸು ಒಂದು ಹಿಡಿ, ಬೇವಿಗಿಂತ ಮೃದುವಾದ ಕಹಿ.
ತಾರಸಿಯ ಒಲೆಯ ಮೇಲೆ ಉಕ್ಕಿ
ಪಕ್ಕದ ಮನೆಯವರ ಒಣಹಾಕಿದ ಬಟ್ಟೆಗೆಲ್ಲ ಘಮ.
ಅವರು ಬೆಲ್ಲದ ಪಾಕ ಅಂದುಕೊಂಡರು, ಒಳ್ಳೆಯದೇ ಆಯಿತು.

ಪಬ್ಬಿನ ಅಡುಗೆಯ ಅಲೋಶಿಯಸ್‌ಗೆ ಫೋನು ಮಾಡಿದೆ,
ಹದಿನೈದು ದಿನ ಬಿಟ್ಟು ಬಾರೋ.
ನೀನೂ ಕುಡೀತೀಯಾ ಪೀಪಾಯಿ? ಕೇಳಿದ.
ಅದಿನ್ನೂ ಗೊತ್ತಿಲ್ಲ.

ಮಂಚದ ಪಕ್ಕ ಇಟ್ಟಿದ್ದೇನೆ, ಗೋಣಿ ಹೊದಿಸಿ.
ಹಳೇ ಬಾಯಿಂದ ಹೊರಟ ಪೈಪು
ನೀರಿನ ಬಾಟಲಿಯಲ್ಲಿ ಗುಳುಕ್ ಅನ್ನುತ್ತದೆ,
ತಡೆದು, ಮತ್ತೊಂದು ಗುಳುಕ್.
ನಿನ್ನೆ ನಡುರಾತ್ರಿ ಇವಳು ನಿದ್ದೆಗಣ್ಣಲ್ಲಿ,
ಯಾರೋ ಬಾಗಿಲು ತಟ್ತಾ ಇದಾರೆ, ನೋಡಿ.
ಎದ್ದೆ. ಕತ್ತಲಲ್ಲಿ ನೆಗ್ಗು ತಡಕಿ
ಗೆಣ್ಣಿಂದ ಕುಟ್ಟಿದೆ.

ಮುಕ್ಕಾಲು, ಅಂದೆ. ಮಲಕ್ಕೋ.