ಫೋಟೋಕ್ಕ ಪಗಾರ ಇಲ್ಲ

ಮೊನ್ನಿ ಬುಧವಾರ ಎಂಟೂವರಿಗೆ ನನ್ನ ತಂಗಿ ಸತ್ಲು.
ಟೀವ್ಯಾಗ.
ಅವ್ವ ಮೊರದಾಗಿನ ತಂಬಾಕ ಹಂಗ ಬಿಟ್ಟು
ಎದ್ದು ಹೋಗಿ ನೀರು ಕುಡದ್ಲು.
ಎದುರುಮನಿ ಯೆಲ್ಲವ್ವ ಓಡಿ ಬಂದು
"ಫೋನ್ ಹಚ್ಚ ಮೊದಲ, ಫೋನ್ ಹಚ್ಚ" ಅಂದ್ಲು.
ಹಚ್ಚಿದೆ. ಎತ್ತಿದ್ಲು. ಉಣ್ಣಾಕ ಕುಂತಿದ್ಲಂತ.

"ಇನ್ನ ಹೆಂಗ?" ಅಂದೆ.
"ಇನ್ನ ಗ್ವಾಡಿ ಮ್ಯಾಲಿನ ಫೋಟೋ.
ಹಾರ ಹಾಕಿ ದಿನಾ ತೋರಸ್ತಾರ.
ಫೋಟೋಕ್ಕ ಪಗಾರ ಇಲ್ಲ."

ಸೊಲ್ಲಾಪುರದಾಗ ನಮ್ಮದು ಬೀಡಿ ಗಲ್ಲಿ.
ಮನ್ಯಾಗ ಕನ್ನಡ, ಓಣ್ಯಾಗ ತೆಲುಗು, ಸಾಲ್ಯಾಗ ಮರಾಠಿ,
ಕಾರಖಾನಿ ಬಾಗಲದಾಗ ಯಾವದೂ ಇಲ್ಲ, ಸುಮ್ನ ನಿಂದ್ರೋದು.
ಇರಮ್ಮ ಒಬ್ಬಾಕಿ ಸುಮ್ನಿರಲಿಲ್ಲ.
ಕಟ್ಟು ಎಣಸೋ ಕಾರಕೂನ ಹೆಂಗ ಮೂಗು ಮುರದು
ಕಟ್ಟಿಗೆ ನಾಕು ಬೀಡಿ ಕೆಟ್ಟಾವಂತ ಒಗೀತಿದ್ದ,
ಹಂಗ ಮಾಡಿ ತೋರಸ್ತಿದ್ಲು.
ಅರವತ್ತು ಹೆಂಗಸರು ಮೊರ ಕೆಳಗಿಟ್ಟು ನಗ್ತಿದ್ರು.
ಅದ ಆಕಿ ಮೊದಲಿನ ಆಟ. ಟಿಕೆಟ್ ಇರಲಿಲ್ಲ.
ಒಂದಿನ ಕಾರಕೂನನೂ ನೋಡಿ ನಕ್ಕ.
ಅವತ್ತ ಆರು ಒಗದ.

ಮುಂಬೈಕ್ಕ ರಾತ್ರಿ ಗಾಡಿ, ಸಂಡಾಸದ ಬಾಜೂಕ ಜಾಗಾ.
ಚೀಲದಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ,
ಮೂರು ಫೋಟೋ: ನಿಂತದ್ದು, ಕುಂತದ್ದು, ಅಳೂದು.
ಅಲ್ಲಿ ಹೆಸರು ಉದ್ದ ಆತು ಅಂದ್ರಂತ.
ಇರಮ್ಮನ್ಯಾಗಿನ ಅಮ್ಮನ್ನ ಕತ್ತರಿಸಿ
'ಇರಾ' ಮಾಡಿದ್ರು.
"ಉಳದಷ್ಟಾದ್ರೂ ನಮ್ಮದ ಅದ ಅಲ್ಲ" ಅಂದ್ಲು ಅವ್ವ.

ಮರಾಠಿ ಸೀರಿಯಲ್‌ದಾಗ ಮೊದಲು ಕೆಲಸದಾಕಿ.
ಒಂದ ಮಾತು: "ಆಲೇ, ಬಾಯೀಸಾಹೇಬ್."
ಅಷ್ಟರಾಗೂ ಕನ್ನಡದ ವಾಸನಿ ಬಂತಂತ
ಬ್ಯಾರೆಯಾಕಿ ದನಿ ಹಚ್ಚಿದ್ರು.
ಆಮ್ಯಾಲ ಬೆಂಗಳೂರಿನವರು ಕರದ್ರು.
ಗಲ್ಲಿಗೆಲ್ಲ ಪೇಡೆ ಹಂಚಿದ್ವಿ, ತಾಯಿ ಭಾಷಾ, ಇನ್ನೇನ ಬೇಕು.
"ನಿಮ್ಮ ಕನ್ನಡ ಮರಾಠಿ ಥರ ಇದೆ ಮೇಡಂ" ಅಂದ್ರು ಅಲ್ಲಿ.
ಅಲ್ಲೂ ಬ್ಯಾರೆಯಾಕಿ.
ಎರಡು ಸಿನಿಮಾ. ಒಂದರಾಗ ನಾಯಕನ ಅಕ್ಕ,
ಇನ್ನೊಂದು ಡಬ್ಬಿ ಬಿಟ್ಟು ಹೊರಗ ಬಂದಿಲ್ಲ.
ಇಪ್ಪತ್ತೆರಡು ವರ್ಷ ಆಕಿ ತುಟಿ ನೋಡೇವಿ ನಾವು.

ಮೂವತ್ನಾಕಕ್ಕ ತಾಯಿ ಪಾರ್ಟು ಬಂತು.
ಮಗ ಆದವ ಆಕಿಗಿಂತ ಆರ ವರ್ಷಕ್ಕ ಸಣ್ಣಾವ.
ಕಿವಿ ಹಂತ್ಯಾಕ ಬಿಳಿ ಬಳದು
ಅವತ್ತ ಕತ್ತರಿಸಿದ ಅಮ್ಮನ್ನ
ಹಿತ್ತಲ ಬಾಗಲಿಂದ ವಾಪಸ್ ಕೊಟ್ರು.

ಹ್ವಾದ ತಿಂಗಳು ಊರಿಗೆ ಬಂದಿದ್ಲು.
ರೇಶನ್ ಅಂಗಡ್ಯಾಗ ಅವ್ವನ ಹೆಬ್ಬಟ್ಟು ಮಶೀನು ಹಿಡೀಲಿಲ್ಲ.
ಐವತ್ತು ವರ್ಷ ಎಲಿ ಸುತ್ತಿ ಸುತ್ತಿ ಗೆರಿ ಸವದಾವ.
"ಇನ್ನೊಂದು ಬೆರಳು ಇಡ್ರಿ ಆಯಿ."
ಇಟ್ಲು. ಇನ್ನೊಂದು. ಇನ್ನೊಂದು.
"ಕೈ ತೊಳಕೊಂಡು ಬರ್ರಿ" ಅಂದ.
ಬಾಜೂಕ ಹುಡುಗರು ಇರಾನ ಸಂಗಾಟ ಫೋಟೋಕ್ಕ ನಿಂತಿದ್ರು.
ಆಗ ಒದರಿದ್ಲು ನೋಡ್ರಿ,
ಕನ್ನಡದಾಗ ಸುರು ಮಾಡಿ, ತೆಲುಗಿನ್ಯಾಗ ಹಾಯ್ದು,
ಮರಾಠ್ಯಾಗ ಆವನ ಅಜ್ಜನ ತನಕ ಮುಟ್ಟಿ,
ನಡುವ ಒಮ್ಮೆ ಕಾರಕೂನನ ಹಂಗ ಮೂಗೂ ಮುರದು.
ಸಾಲಿನ್ಯಾಗಿನ ಮುದುಕ್ಯಾರು ಚೀಲ ಕೆಳಗಿಟ್ಟು ನಕ್ರು.
ಹುಡುಗರು ಫೋನ್ ಇಳಿಸಿದ್ರು.
ಅವರಾಗ ಒಬ್ಬಾಂವ ಅಂದ,
"ಇದು ಆಕಿ ದನಿ ಅಲ್ಲ."

ಈಗ ದಿನಾ ಎಂಟೂವರಿಗೆ
ಅವ್ವ ಟೀವಿ ದನಿ ಪೂರಾ ಇಳಸ್ತಾಳ.
ಅಲ್ಲಿ ಗ್ವಾಡಿ ಮ್ಯಾಲ ಹಾರ ಹಾಕ್ಕೊಂಡು ಇರಾ,
ಇಲ್ಲಿ ಮೊರದ ಬಾಜೂಕ ಸ್ಪೀಕರ್ ಹಚ್ಚಿದ ಫೋನಿನ್ಯಾಗ ಇರಮ್ಮ:
"ಹಾರ ಪ್ಲಾಸ್ಟಿಕಿಂದು ಬೇ, ಬಾಡಂಗಿಲ್ಲ.
ನಿಮ್ಮಲ್ಲಿ ಕರೆಂಟ್ ಅದ ಏನು? ಉಂಡ್ರೇನು?"
ನನ್ನ ಎಣಿಕಿ ತಪ್ಪತದ.
ಕಟ್ಟು ಬಿಚ್ಚಿ ಮತ್ತ ಒಂದರಿಂದ.