ಟಿಕಳಿ ಲೆಕ್ಕ

ಹೆದರಬ್ಯಾಡವ್ವ, ಇದು ಕತ್ತರಿ ಕೆಲಸ ಅಲ್ಲ.
ಕೊಳವಿ ಅಂದ್ರ ಜ್ವಾಳದ ದಂಟಿಗಿಂತ ಸಣ್ಣದು,
ತುದಿಗೊಂದು ದೀಪ, ದೀಪದ ಬಾಜೂಕ ಕಣ್ಣು.
ಮೊದಲು ತಣ್ಣನ ಜೆಲ್ಲಿ ಹಚ್ಚತಾರ,
ಜೋಮು ಹಿಡಿಯೂತನಕ ಕಾಯತಾರ,
ಆಮ್ಯಾಲ ಒಳಗ ನೀರು ಬಿಡತಾರ.
ಮಡಚಿಟ್ಟ ಚೀಲ ಅರಳತದ.
ಆವಾಗ ಹೋಗಬೇಕು ಅನಸತದ. ಅನಸಲಿ.
ಎರಡು ದಿನ ಉರಿ, ಒಂದೀಟು ಕೆಂಪು.
ಚಳಿಜ್ವರ ಬಂದ್ರ ಮಾತ್ರ ಹಾದಿ ನೋಡಬ್ಯಾಡ,
ಸೀದಾ ಇಲ್ಲಿಗೇ ಬಾ.

ಇಷ್ಟನ್ನು ದಿನಕ್ಕೆ ಹತ್ತು ಸಲ ಹೇಳುತ್ತೇನೆ,
ಒಂಬತ್ತು ಸಲ ಮರಾಠಿಯಲ್ಲಿ.
ಪುಣೆಯ ಈ ದವಾಖಾನೆಯ ಹದಿನಾಲ್ಕನೇ ಕೋಣೆಯಲ್ಲಿ
ಕನ್ನಡ ಎಂದರೆ ನಾನೊಬ್ಬಳೇ.
ಅವ್ವ ಅಕ್ಕಲಕೋಟೆಯಿಂದ ಕಟ್ಟಿಕೊಂಡು ಬಂದ ಗಂಟಿನಲ್ಲಿ
ಉಚ್ಚಿ ಎಂಬ ಮಾತಿತ್ತು, ಮೂತ್ರಕೋಶ ಇರಲಿಲ್ಲ.
ಡಾಕ್ಟರು ಬ್ಲ್ಯಾಡರ್ ಎಂದಾಗೆಲ್ಲ
ನಾನು ಚೀಲ ಎನ್ನುತ್ತೇನೆ.

ಕಂಠೆಪ್ಪ ಮಾಸ್ತರರು ಬರುತ್ತಾರೆ.
ನಲವತ್ತು ವರ್ಷ ಬೆಲ್ಲು ಹೊಡೆದ ಕೂಡಲೇ
ಇಡೀ ಶಾಲೆಯನ್ನು ಒಂದಕ್ಕೆ ಬಿಟ್ಟವರು
ಈಗ ಮಶೀನಿನ ಫನೆಲ್ಲಿನ ಮುಂದೆ
ಹನಿಗಾಗಿ ಕಣ್ಣು ಮುಚ್ಚಿ ನಿಂತಿದ್ದಾರೆ.
ಕಾಗದದ ಮೇಲೆ ಗುಡ್ಡ ಏಳಬೇಕು,
ಅವರದು ಬರೀ ಬಯಲು.
ಪ್ರೋಸ್ಟೇಟು ಊದಿ ಹಾದಿ ಒತ್ತೇದ, ಎನ್ನುತ್ತೇನೆ,
ಗುಳಿಗಿಗೆ ಬಗ್ಗಲಿಲ್ಲಂದ್ರ ಒಳಗಿಂದ ಒಳಗ ಕೆತ್ತತಾರ,
ಹೊಟ್ಟಿ ಕೊಯ್ಯೂದಿಲ್ಲ.
ಆಮೇಲೆ ಮೂಲೆಯ ನಲ್ಲಿಯನ್ನು ಸಣ್ಣಗೆ ತಿರುವುತ್ತೇನೆ.
ನೀರಿನ ಸಪ್ಪಳ ಕೇಳಿದರೆ ಕೆಲವರಿಗೆ ಬರುತ್ತದೆ.

ನಿಂಬೆವ್ವ ಇಂಡಿ ಕಡೆಯವಳು.
ಖರಾಡಿಯಲ್ಲಿ ಏಳುತ್ತಿರುವ ಬಿಲ್ಡಿಂಗಿಗೆ
ಫರ್ಸಿ ಹೊರುತ್ತಾಳೆ.
ಉರಿ, ಮತ್ತೆ ಉರಿ, ವರ್ಷದಲ್ಲಿ ಐದು ಸಲ.
ಡಾಕ್ಟರು ಒಂದು ಹಾಳೆ ಕೊಟ್ಟರು:
ಮೂರು ದಿನ, ಹೋದ ಹೊತ್ತು, ತಡೆಯದೆ ಆದದ್ದು, ಎಲ್ಲ ಬರೆಯಬೇಕು.
ಬರಿಯಾಕ ಬರೂದಿಲ್ಲ ಸಿಸ್ಟರ.
ಟಿಕಳಿ ಹಚ್ಚತೀ ಹೌದಿಲ್ಲೋ? ಎಂದೆ.
ಹೋದಾಗ ಹಸರದು ಅಂಟಸು,
ಹೋಗೂದ್ರಾಗ ಆಗಿಬಿಟ್ರ ಕೆಂಪು.

ಸಿಮೆಂಟು ಚೀಲದಲ್ಲಿ ಸುತ್ತಿ ತಂದಳು.
ಹಾಳೆಯ ಮೇಲೆ ಬೆಳಗಿನ ಐದಕ್ಕೆ ಎರಡು ಹಸಿರು,
ರಾತ್ರಿ ಎಂಟರ ಮೇಲೆ
ಕೆಂಪು ಹಸಿರು ಕೆಂಪು ಕೆಂಪು,
ಮದುಮಗಳ ಹಣೆಯಂತೆ ತುಂಬಿಹೋಗಿದೆ.
ನಡುವೆ ಹದಿನೈದು ತಾಸು ಖಾಲಿ.

ಉದುರಿದವಾ? ಕೇಳು, ಎಂದರು ಡಾಕ್ಟರು.
ಕೇಳಿದೆ.
ಉದುರಿಲ್ಲರಿ.
ಮೂವತ್ತೆಂಟು ಸಂಡಾಸ ಅದಾವು ಆ ಬಿಲ್ಡಿಂಗಿನ್ಯಾಗ,
ಎಲ್ಲದರ ಫರ್ಸಿ ನಾನಾ ಹೊತ್ತೀನಿ,
ಒಂದಕ್ಕೂ ಇನ್ನಾ ಬಾಗಲಾ ಇಟ್ಟಿಲ್ಲ.
ಗಂಡಸರು ಗ್ವಾಡಿಗೆ ನಿಲ್ಲತಾರ. ನಾ ಏನ ಮಾಡ್ಲಿ?
ನೀರ ಕುಡಿಯೂದ ಬಿಟ್ಟೀನಿ.

ನಾನು ಅದನ್ನು ಮರಾಠಿಗೆ ತಂದಾಗ
ಯಾಕೋ ಒಂದೇ ಸಾಲಾಯಿತು.
ಡಾಕ್ಟರ ಪೆನ್ನು ನಿಂತಿತು. ಮತ್ತೆ ನಡೆಯಿತು:
ದಿನಕ್ಕೆ ಎರಡೂವರೆ ಲೀಟರು ನೀರು,
ಮೂರು ತಾಸಿಗಿಂತ ಹೆಚ್ಚು ಹಿಡಿಯಬಾರದು,
ಉಚ್ಚಿ ಕಲ್ಚರು, ಐದು ದಿನ ಗುಳಿಗೆ,
ಶುಕ್ರವಾರ ದುರ್ಬೀನು.
ಔಷಧದ ಅಂಗಡಿಯಲ್ಲಿ ಸಿಗದ್ದನ್ನು ಬರೆಯಲು
ಚೀಟಿಯಲ್ಲಿ ಜಾಗವಿರಲಿಲ್ಲ.
ಇಷ್ಟು ಹೇಳುವ ನಾನೂ
ಮುಂಜಾನೆ ಎಂಟಕ್ಕೆ ಬಂದು ಎರಡರ ತನಕ ಎದ್ದಿರಲಿಲ್ಲ.
ಸ್ಟಾಫ್ ಬಾತ್‌ರೂಮಿನ ಕೀಲಿ
ಹೆಡ್ ಕ್ಲಾರ್ಕಿನ ಡ್ರಾದಲ್ಲಿರುತ್ತದೆ.

ಶುಕ್ರವಾರ. ದೀಪ ಒಳಗೆ ಹೋಯಿತು.
ಕಾಲು ನಡುಗುತ್ತಿದ್ದವು, ನಾನು ಮೊಣಕಾಲು ಹಿಡಿದಿದ್ದೆ.
ಪರದೆಯ ಮೇಲೆ ಗುಲಾಬಿ ಗೋಡೆ, ಅಲ್ಲಲ್ಲಿ ಕೆಂಡದ ಚುಕ್ಕಿ.
ಗಡ್ಡೆ ಇಲ್ಲ, ಹರಳಿಲ್ಲ,
ಬರೇ ಬಾವು, ಎಂದರು ಡಾಕ್ಟರು.
ಅವಳು ಕತ್ತು ಹೊರಳಿಸಿ ನೋಡಿದಳು.
ಇದು ನಂದನ? ಇಷ್ಟ ಜಾಗಾ ಅದನ ನನ್ನೊಳಗ?

ಇಳಿದವಳಿಗೆ ತಡೆಯಲಾಗಲಿಲ್ಲ.
ಎಡಕ್ಕೆ ಮೂರನೇದು, ಚಿಲಕ ಗಟ್ಟಿ ಅದ, ಎಂದೆ.
ಹೋದಳು. ಚಿಲಕ ಬಿದ್ದ ಸದ್ದು.
ಹತ್ತು ನಿಮಿಷವಾಯಿತು, ಕಾಲು ತಾಸಾಯಿತು.
ಸಾಲಿನಲ್ಲಿದ್ದವರು ಬಾಗಿಲು ಬಡಿದರು.
ಥಾಂಬಾ, ಎಂದೆ.