ಬಾಣಂತಿ ಮನೆಯ ಗೀಸರು

ಪೈಪನ್ನು ಹಾಗೇ ಗೋಡೆಗೆ ಒರಗಿಸಬೇಡ ತಿಪ್ಪೇಶ,
ಕ್ಲಾಂಪು ಹಾಕು. ಗೋಡೆ ದಾಟುವಲ್ಲಿ ತೋಳು ತೊಡಿಸು,
ದಪ್ಪನೆಯ ಇನ್ನೊಂದು ಕೊಳವೆ.
ಸಿಮೆಂಟು ಕಬ್ಬಿಣ ತಿನ್ನುತ್ತದೆ,
ನಾವು ಮಂಡಕ್ಕಿ ತಿಂದಷ್ಟು ಸದ್ದೂ ಇಲ್ಲದೆ.

ನಿಟುವಳ್ಳಿಯ ಈ ಮನೆಯಲ್ಲಿ
ಹನ್ನೊಂದು ದಿನದ ಕೂಸು.
ನೀಲಮ್ಮಜ್ಜಿಯ ಅಪ್ಪಣೆ:
ಬಚ್ಚಲೊಳಗೇ ಇರಲಿ ಗೀಸರು, ಕೈಗೆ ಸಿಗುವಂತೆ;
ಕಿಟಕಿಗೆ ಗೋಣಿತಾಟು, ಬಾಗಿಲ ಸಂದಿಗೆ ಹಳೇ ಸೀರೆ.
"ಬಾಣಂತಿಗೆ ಗಾಳಿ ಸೋಕಬಾರದು ಕಣಪ್ಪಾ.
ನನಗೆ ಆರು ಹೆರಿಗೆ, ನಿನಗೆಷ್ಟು?"

ಒಂದೂ ಇಲ್ಲ ಅಜ್ಜಿ, ಅಂದೆ.
ಆದರೆ ಬೆಂಕಿಗೂ ಉಸಿರು ಬೇಕು.
ಮುಚ್ಚಿದ ಕೋಣೆಯಲ್ಲಿ ಅದು
ಮೊದಲು ತನ್ನ ಪಾಲಿನ ಗಾಳಿ ಉಣ್ಣುತ್ತದೆ,
ಆಮೇಲೆ ಎಣ್ಣೆ ಹಚ್ಚಿಕೊಂಡು ಕೂತವಳ ಪಾಲಿನದು.
ಅವಳಿಗೆ ತಲೆ ಸುತ್ತಿದರೆ
ನೀವು ಹಸಿ ಬಾಣಂತಿ, ನಿಶ್ಶಕ್ತಿ ಅಂತೀರಿ.

ಅಜ್ಜಿ ಸುಮ್ಮನಾದಳು. ಒಪ್ಪಿ ಅಲ್ಲ,
ಒಲೆ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು.

ನಮ್ಮಮ್ಮಿ ಬಾಷಾನಗರದ ಭಟ್ಟಿಯಲ್ಲಿ
ಇಪ್ಪತ್ತು ವರ್ಷ ಮಂಡಕ್ಕಿ ಹುರಿದಳು.
ಹೊಟ್ಟು, ಟೈರು, ಸಿಕ್ಕಿದ್ದೆಲ್ಲ ಉರಿಯುತ್ತಿತ್ತು.
ಆ ಹೊಗೆ ಕೆಟ್ಟದ್ದೇ, ಆದರೆ ಹೇಳಿ ಬರುತ್ತಿತ್ತು;
ಕಣ್ಣಿಗೆ ಚುಚ್ಚಿ, ಗಂಟಲಿಗೆ ಗುದ್ದಿ
ಏಳು, ಹೊರಗೆ ಹೋಗು ಅನ್ನುತ್ತಿತ್ತು.
ಗ್ಯಾಸಿಗಾದರೂ ಕಂಪನಿಯವರು ನಾತ ಬೆರೆಸಿ ಕಳಿಸುತ್ತಾರೆ.
ಅರೆಬರೆ ಉರಿದು ಹುಟ್ಟುವ ವಿಷಕ್ಕೆ
ಬಣ್ಣವಿಲ್ಲ, ನಾತವೂ ಇಲ್ಲ.

ಕೊನೆಗೆ ಗೀಸರು ಹಿತ್ತಲ ಗೋಡೆಗೇ ಹೋಯಿತು,
ಮೇಲೊಂದು ತಗಡು, ಮೂರು ಕಡೆ ಬಯಲು.
ಬಚ್ಚಲಿಗೆ ಬಿಸಿನೀರಷ್ಟೇ ಹೋಗಲಿ.
ಎರಡು ಮಾರು ಪೈಪು ಹೆಚ್ಚಾಯಿತೆಂದು
ಮಗ ಪಾಲಾಕ್ಷಿ ಗೊಣಗಿದ.
ಬಿಲ್ಲಿನಲ್ಲಿ ಬರಿ ತಿಪ್ಪೇಶ, ನಾಚಬೇಡ.

ಈಗ ಮಾನೋಮೀಟರು. ಬಾಗಿದ ಕೊಳವೆಯಲ್ಲಿ
ನೀರಿನ ಎರಡು ಮಟ್ಟ. ಹದಿನೈದು ನಿಮಿಷ
ಅವು ಅಲ್ಲಾಡಬಾರದು,
ನೀನೂ ಮೊಬೈಲು ನೋಡಬಾರದು.

ಹತ್ತನೇ ನಿಮಿಷಕ್ಕೆ
ಒಂದು ಕಡೆ ಕೂದಲೆಳೆಯಷ್ಟು ಇಳಿಯಿತು.
ಸೋಪಿನ ನೀರು ತಾ. ಒಂದೊಂದೇ ಜಾಯಿಂಟಿಗೆ ಬಳಿ.
ಮೂರನೇ ಎಲ್ಬೋ ಹತ್ತಿರ, ನೋಡು,
ಕೂಸಿನ ತುಟಿ ಮೇಲಿನ ಹಾಲಗುಳ್ಳೆಯಂತೆ
ಒಂದು ಏಳುತ್ತಿದೆ, ಕಾಮನಬಿಲ್ಲು ಹೊತ್ತು.
ಎಷ್ಟು ಚಂದ ಇದೆ.
ಬಿಚ್ಚು. ಮತ್ತೆ ಮೊದಲಿಂದ.

ಸಾಂಬ್ರಾಣಿ ವಾಸನೆಯ ಜೊತೆಗೇ ಅಜ್ಜಿ ಬಂದಳು,
ಕೈಯಲ್ಲಿ ಎರಡು ಲೋಟ ಚಾ.
"ಇನ್ನೂ ಆಗಲಿಲ್ವಾ?"
ಇಲ್ಲ ಅಜ್ಜಿ. ಇವತ್ತೊಂದು ದಿನ ಹಂಡೆಯಲ್ಲೇ ಕಾಯಿಸಿ.
"ಉರಿ ಹಾಕಿಯಾಗಿದೆ," ಅಂದಳು, ಮುಖ ಆ ಕಡೆ ಮಾಡಿ.

ಬಚ್ಚಲ ಕಿಟಕಿಯ ಗೋಣಿತಾಟು
ಒಂದು ಮೂಲೆ ಸರಿದಿತ್ತು.
ನಾನೇನೂ ಕೇಳಲಿಲ್ಲ.
ಚಾಕ್ಕೆ ಸಕ್ಕರೆ ಹೆಚ್ಚಾಗಿತ್ತು.